ಪ್ರೊಪ್ರನೊಲಾಲ್ ಒಗ್ಗದ ಕೈನಡುಕಕ್ಕೆ ಮುಂದೇನು?

ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿ, ತೊಡೆಯ ಮೇಲಿಟ್ಟರೆ ಸುಮ್ಮನಾಗುತ್ತವೆ ಎಂದರೆ ಅದು ಬಹುತೇಕ ಎಸೆನ್ಷಿಯಲ್ ಟ್ರೆಮರ್. ಪಾರ್ಕಿನ್ಸನ್‌ಗೆ ಕೊಡುವ ಲೆವೊಡೋಪಾ ಇದಕ್ಕೆ ನಾಟುವುದಿಲ್ಲ. ಮೊದಲ ಮದ್ದು ಪ್ರೊಪ್ರನೊಲಾಲ್. ಆಸ್ತಮಾ ಇದ್ದವರಿಗೆ, ನಾಡಿ ತೀರಾ ನಿಧಾನವಾಗಿರುವವರಿಗೆ ಅದು ಬೇಡ. ಇನ್ಸುಲಿನ್ ಹಾಕಿಕೊಳ್ಳುವವರಲ್ಲಿ ಸಕ್ಕರೆ ಇಳಿದಾಗ ಎದೆ ಹೊಡೆದುಕೊಳ್ಳುವ ಸೂಚನೆಯನ್ನೇ ಅದು ಮರೆಮಾಡಬಹುದು. ಆದರೆ ‘ಕೆಲಸ ಮಾಡಲಿಲ್ಲ’ ಎನ್ನುವವರ ಚೀಟಿಯನ್ನು ಮೊದಲು ನೋಡಬೇಕು: ದಿನಕ್ಕೆ 40 ಮಿ.ಗ್ರಾಂ.ಗೇ ನಿಂತಿದ್ದರೆ ಮದ್ದು ಸೋತಿಲ್ಲ, ಪ್ರಮಾಣ ಸಾಲದಾಗಿದೆ. ಹಲವರಿಗೆ 120ರಿಂದ 240 ಬೇಕಾಗುತ್ತದೆ. ಜೊತೆಗೆ ಫಿಟ್ಸ್‌ನ ವಾಲ್‌ಪ್ರೊಯೇಟ್, ಆಸ್ತಮಾದ ಸಾಲ್ಬ್ಯುಟಮಾಲ್, ಮನೋರೋಗದ ಲಿಥಿಯಂ ನಡೆಯುತ್ತಿದೆಯೇ, ಥೈರಾಯ್ಡ್ ಹೆಚ್ಚಿದೆಯೇ ಎಂದೂ ನೋಡಬೇಕು. ಇವೂ ಕೈ ನಡುಗಿಸುತ್ತವೆ.

ನಂತರದ್ದು ಪ್ರಿಮಿಡೋನ್. ಫಿಟ್ಸ್‌ಗೆಂದು ಬಂದ ಹಳೆಯ ಮಾತ್ರೆ. ನಡುಕದ ಮೇಲೆ ಪ್ರೊಪ್ರನೊಲಾಲ್‌ಗೆ ಸರಿಸಮ. ಎಡವುವುದು ಮೊದಲ ಗುಳಿಗೆಯಲ್ಲೇ. ಒಂದೇ ಡೋಸ್‌ಗೆ ತಲೆ ತಿರುಗಿ, ವಾಂತಿಯಾಗಿ, ನಿಂತಲ್ಲೇ ತೂರಾಡಿ ಕೆಲವರು ಮಾತ್ರೆಯನ್ನೇ ಬಿಟ್ಟುಬಿಡುತ್ತಾರೆ. 250ರ ಮಾತ್ರೆಯನ್ನು ನಾಲ್ಕು ಚೂರು ಮಾಡಿದರೂ ಒಂದು ಚೂರು 62.5 ಮಿ.ಗ್ರಾಂ.; ಶುರುವಿಗೆ ಅದು ಹೆಚ್ಚು. ರಾತ್ರಿ ಮಲಗುವ ಮುನ್ನ 12.5 ಅಥವಾ 25, ಆಮೇಲೆ ವಾರಕ್ಕೆ 25ರಂತೆ ಏರಿಸಿದರೆ ಹೆಚ್ಚಿನವರಿಗೆ ಒಗ್ಗುತ್ತದೆ. ರಾತ್ರಿ ಬಚ್ಚಲಿಗೆ ಏಳುವ ವಯಸ್ಸಾದವರ ಜೊತೆ ಮೊದಲ ಕೆಲವು ದಿನ ಯಾರಾದರೂ ಇರಲಿ. ದಿನಕ್ಕೆ 250 ದಾಟಿದ ಮೇಲೆ ಲಾಭ ಅಷ್ಟಾಗಿ ಏರುವುದಿಲ್ಲ, ಮಂಪರು ಏರುತ್ತದೆ. ಗರ್ಭನಿರೋಧಕ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಎರಡರ ಬಲವನ್ನೂ ಇದು ಕುಗ್ಗಿಸುತ್ತದೆ. ಪೋರ್ಫೈರಿಯಾ (ರಕ್ತದ ಹೀಮ್ ತಯಾರಿಕೆ ಕೆಡುವ ಅಪರೂಪದ ಕಾಯಿಲೆ) ಇದ್ದವರು ಮುಟ್ಟಲೇಬಾರದು.

ಎರಡೂ ಆಗದಿದ್ದರೆ ಫಿಟ್ಸ್‌ನದೇ ಇನ್ನೊಂದು ಮದ್ದು ಟೋಪಿರಮೇಟ್. 25ರಿಂದ ಶುರುಮಾಡಿ ವಾರವಾರ ಏರಿಸಬೇಕು. ಗುಣ ಕಾಣುವುದು 200ರ ಆಸುಪಾಸಿನಿಂದ, ಅಷ್ಟರಲ್ಲಿ ಬೆರಳು ಜುಮ್ಮೆನ್ನುವುದು, ಮಾತಿಗೆ ಪದ ತಡವರಿಸುವುದು ಶುರುವಾಗಿರುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾದವರಿಗೆ, ಗರ್ಭಿಣಿಯರಿಗೆ ಬೇಡ. ಹಠಾತ್ತಾಗಿ ಕಣ್ಣು ನೋವು ಬಂದು ಮಂಜಾದರೆ ಅಂದೇ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಗ್ಯಾಬಪೆಂಟಿನ್ ಸೌಮ್ಯ, ಪರಿಣಾಮವೂ ಅಷ್ಟಕ್ಕಷ್ಟೇ. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡದೆ ಬರೆಯಬಾರದು. ಆತಂಕಕ್ಕೆ ಕೊಡುವ ಆಲ್ಪ್ರಜೋಲಾಂ ನಡುಕ ತಗ್ಗಿಸುವುದು ನಿಜ, ಆದರೆ ಚಟವಾಗುತ್ತದೆ. ಮದುವೆ ಮನೆಯಂಥ ಒಂದು ದಿನಕ್ಕಾದರೆ ಸರಿ, ನಿತ್ಯಕ್ಕೆ ನನ್ನ ಒಪ್ಪಿಗೆಯಿಲ್ಲ.

ಯಾವ ಮಾತ್ರೆಯೂ ನಡುಕವನ್ನು ಪೂರ್ತಿ ಅಳಿಸುವುದಿಲ್ಲ. ಒಗ್ಗಿದವರಲ್ಲಿ ಸುಮಾರು ಅರ್ಧಕ್ಕೆ ಇಳಿಸುತ್ತದೆ. ತಲೆ, ದನಿಯ ನಡುಕಕ್ಕೆ ಅದೂ ಕಷ್ಟ, ಸ್ನಾಯು ಸಡಿಲಿಸುವ ಬೊಟುಲಿನಂ ಇಂಜೆಕ್ಷನ್ ಮೇಲು. ಮದ್ದು ಬದಲಿಸುವಾಗ ಪ್ರೊಪ್ರನೊಲಾಲನ್ನೂ ಪ್ರಿಮಿಡೋನನ್ನೂ ಒಮ್ಮೆಲೇ ನಿಲ್ಲಿಸದೆ, ವೈದ್ಯರು ಹೇಳಿದಂತೆ ವಾರಗಳಲ್ಲಿ ಇಳಿಸಿ.