ಪೊದೆ ಬಿಟ್ಟು ಬಾರದ ಶೋಲಾಕಿಳಿ

ಬಾಬಾಬುಡನ್‌ಗಿರಿಯ ಶೋಲಾ, ಅಂದರೆ ಎತ್ತರದ ಬೆಟ್ಟಗಳ ಮೇಲಿನ ಹುಲ್ಲುಗಾವಲ ನಡುವೆ ಬೆಳೆಯುವ ಕಾಡು. ಅದರೊಳಗೆ ಮಧ್ಯಾಹ್ನವೂ ಅರೆಗತ್ತಲು. ಕುಳ್ಳು ಮರಗಳು, ಪಾಚಿ ಹಿಡಿದ ಕೊಂಬೆಗಳು, ಕೆಳಗೆ ಒತ್ತಾಗಿ ಬೆಳೆದ ಪೊದೆ. ಆ ಪೊದೆಯ ಬುಡದಲ್ಲೇ ನೀಲಗಿರಿ ಶೋಲಾಕಿಳಿ ಎಂಬ ಹಕ್ಕಿಯ ಸಂಸಾರ. ಉದ್ದ ಸುಮಾರು 15 ಸೆಂ.ಮೀ. ಬೆನ್ನು, ಎದೆ ಮಾಸಲು ನೀಲಿ. ಪಕ್ಕೆ ಇಟ್ಟಿಗೆ ಕೆಂಪು. ಎದುರಿಗೇ ಇದ್ದರೂ ಆ ಮಬ್ಬಿನಲ್ಲಿ ಕಾಣುವುದು ಕಷ್ಟ.

ಇದರ ಕಾಲು ಉದ್ದ, ರೆಕ್ಕೆ ಗಿಡ್ಡ. ಹಾರುವುದಕ್ಕಿಂತ ಕುಪ್ಪಳಿಸುವುದೇ ಜಾಸ್ತಿ. ತರಗೆಲೆಗಳ ನಡುವೆ ಹುಳಹುಪ್ಪಟೆ ಹೆಕ್ಕುತ್ತದೆ. ಹೊತ್ತು ಮುಳುಗುವಾಗ ಕೆಲವೊಮ್ಮೆ ಕಾಲುದಾರಿಯ ಅಂಚಿಗೆ ಬರುತ್ತದೆ. ಚೂರು ಸದ್ದಾದರೂ ಮತ್ತೆ ಪೊದೆಯೊಳಗೆ. ಮರದ ಪೊಟರೆಯಲ್ಲೋ ದರೆಯ ಸಂದಿನಲ್ಲೋ ಪಾಚಿ, ಬೇರು ತುಂಬಿ ಗೂಡು ಮಾಡುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ.

ಮಾರುದೂರ ಕಾಣದ ಕಡೆ ಸಂಗಾತಿಯನ್ನು ಹುಡುಕುವುದು, ಜಾಗ ತನ್ನದೆಂದು ಸಾರುವುದು ಹೇಗೆ? ಅದಕ್ಕೇ ಹಾಡು. ಸಿಳ್ಳೆಗಳನ್ನು ಹೆಣೆದ ಇಂಪಾದ, ಉದ್ದನೆಯ ಹಾಡು. ಪೂರ್ತಿ ಬೆಳಕಾಗುವ ಮುಂಚೆಯೇ ಶುರುವಾಗುತ್ತದೆ. ಆ ಹೊತ್ತಿಗೆ ಗಾಳಿ ಕಡಿಮೆ, ದನಿ ದೂರ ಹೋಗುತ್ತದೆ. ಪಶ್ಚಿಮ ಘಟ್ಟದಲ್ಲಿ ಇದಕ್ಕಿಂತ ಚೆಂದದ ಬೆಳಗಿನ ದನಿ ಇದ್ದರೆ ನಾನಂತೂ ಕೇಳಿಲ್ಲ.

ಹೀಗೆ ಪೊದೆಗೇ ಅಂಟಿಕೊಂಡ ಹಕ್ಕಿ ಬಯಲು ದಾಟುವುದಿಲ್ಲ. ಅದಕ್ಕೆ ಒಂದೊಂದು ಬೆಟ್ಟದ ತಲೆಯೂ ಒಂದೊಂದು ದ್ವೀಪ. ಪಾಲಕ್ಕಾಡ್ ಬಳಿ ಘಟ್ಟ ತುಂಡಾಗಿ ಹತ್ತಾರು ಕಿ.ಮೀ. ಅಗಲದ ತಗ್ಗು ಬಂದಿದೆ, ಅಲ್ವಾ? ಅದರ ಉತ್ತರಕ್ಕೆ ನೀಲಗಿರಿ, ಕೊಡಗಿನ ಬ್ರಹ್ಮಗಿರಿ, ಬಾಬಾಬುಡನ್‌ಗಿರಿಯಲ್ಲಿ ಇರುವುದು ಈ ಜಾತಿ. ದಕ್ಷಿಣಕ್ಕೆ ಆನೆಮಲೆಯಂಥ ಬೆಟ್ಟಗಳಲ್ಲಿ ಇರುವುದು ಇದರ ದಾಯಾದಿ, ಬಿಳಿ ಹೊಟ್ಟೆಯ ಶೋಲಾಕಿಳಿ. ಇವೆರಡನ್ನೂ ಬಹಳ ಕಾಲ ಹಿಮಾಲಯದ ಗಿಡ್ಡರೆಕ್ಕೆ ಹಕ್ಕಿಗಳ ಬಳಗಕ್ಕೆ ಸೇರಿಸಿದ್ದರು. ಜೀವವಿಜ್ಞಾನಿ ವಿ. ವಿ. ರಾಬಿನ್ ಮತ್ತು ಜೊತೆಗಾರರು ಡಿಎನ್‌ಎ ಪರೀಕ್ಷಿಸಿದಾಗ ನೆಂಟಸ್ತಿಕೆ ನೀಲಿ ನೊಣಹಿಡುಕಗಳ ಕಡೆಗಿತ್ತು. 2017ರಲ್ಲಿ ಇವಕ್ಕೆ ‘ಶೋಲಿಕೋಲಾ’ ಎಂಬ ಹೊಸ ಕುಲವನ್ನೇ ಕೊಟ್ಟರು.

ಹಳೆಯ ತಗ್ಗುಗಳನ್ನು ಭೂಮಿ ಮಾಡಿತು. ಹೊಸ ತಗ್ಗುಗಳನ್ನು ನಾವು ಮಾಡಿದ್ದೇವೆ. ಶೋಲಾ ಕಡಿದು ಟೀ, ನೀಲಗಿರಿ ಮರ ನೆಟ್ಟ ಕಡೆ ಈ ಹಕ್ಕಿಗೆ ದಾರಿ ಮುಚ್ಚಿದಂತೆಯೇ. ದಕ್ಷಿಣದ ದಾಯಾದಿಯ ಹಾಡುಗಳನ್ನು ಧ್ವನಿಮುದ್ರಿಸಿ ಹೋಲಿಸಿದಾಗ, ಲಕ್ಷಾಂತರ ವರ್ಷಗಳ ಹಿಂದೆ ಬೇರಾದ ಗುಂಪುಗಳ ನಡುವೆ ಮಾತ್ರವಲ್ಲ, ಇತ್ತೀಚೆಗೆ ಕಾಡು ಕಡಿದು ಬೇರಾದ ಗುಂಪುಗಳ ನಡುವೆಯೂ ಹಾಡು ಬೇರೆಯಾಗಿರುವುದು ಕಂಡುಬಂತು.