ಪೌಂಡ್ ಫಾರ್ ಪೌಂಡ್: ತೂಕ ಪಕ್ಕಕ್ಕಿಟ್ಟು ಬಾಕ್ಸರ್‌ನನ್ನು ಅಳೆಯುವ ಮಾತು

ಬಾಕ್ಸಿಂಗ್ ಇಷ್ಟಪಡುವ ಇಬ್ಬರು ಮಾತಿಗೆ ಕೂತರೆ ಈ ಪದ ಬಂದೇ ಬರುತ್ತದೆ. “ಅವನು ಪೌಂಡ್ ಫಾರ್ ಪೌಂಡ್ ನಂಬರ್ ಒನ್” ಅಂತ ಒಬ್ಬರು. “ಇವತ್ತಿಗೆ ನಂಬರ್ ಒನ್ ಇರಬಹುದು. ಆದ್ರೆ ಆಲ್ ಟೈಮ್ ಗ್ರೇಟ್ ಅನ್ನೋಕೆ ಅಷ್ಟು ಸಾಲಲ್ಲ” ಅಂತ ಇನ್ನೊಬ್ಬರು. ಆಮೇಲೆ ವಾದ ಏರುತ್ತಲೇ ಹೋಗುತ್ತದೆ. ಎಷ್ಟೋ ಸಲ ಗಮನಿಸಿದ್ದೇನೆ, ಇಬ್ಬರೂ ಅದೇ ಪದ ಹಿಡಿದು ಬೇರೆ ಬೇರೆ ವಿಷಯ ಮಾತಾಡುತ್ತಿರುತ್ತಾರೆ. ಒಬ್ಬರ ಕಣ್ಣು ಈ ವರ್ಷದ ಆಟದ ಮೇಲೆ, ಇನ್ನೊಬ್ಬರ ಕಣ್ಣು ಇಪ್ಪತ್ತು ವರ್ಷದ ಬದುಕಿನ ಮೇಲೆ. ಅದಕ್ಕೇ ಮೊದಲು ಪದವನ್ನೇ ಬಿಡಿಸಿ ನೋಡೋಣ.

ಪೌಂಡ್ ಅಂದರೆ ತೂಕದ ಅಳತೆ, ಸುಮಾರು 454 ಗ್ರಾಂ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ತೂಕ ಹೇಳುವುದೇ ಪೌಂಡ್ ಲೆಕ್ಕದಲ್ಲಿ. ‘ಪೌಂಡ್ ಫಾರ್ ಪೌಂಡ್’ ಅಂದರೆ ಕನ್ನಡದಲ್ಲಿ ‘ತೂಕಕ್ಕೆ ತೂಕ ಇಟ್ಟು ನೋಡಿದರೆ’ ಅನ್ನಬಹುದು. ಎಲ್ಲ ಬಾಕ್ಸರ್‌ಗಳ ಮೈತೂಕವೂ ಒಂದೇ ಆಗಿದ್ದಿದ್ದರೆ ಯಾರು ಎಲ್ಲರಿಗಿಂತ ಮೇಲು? ಇದು ಕೇಳುವ ಪ್ರಶ್ನೆ ಇಷ್ಟೇ. ಕೆಲವರು ಇದನ್ನು ‘ಮೈಗಿಂತ ಜಾಸ್ತಿ ಜೋರಾಗಿ ಹೊಡೆಯುವವನು’ ಅಂತ ತಿಳಿದಿರುತ್ತಾರೆ. ಅದು ಸರಿಯಲ್ಲ. ಗುದ್ದಿನ ಜೋರು ಇದರಲ್ಲಿ ಒಂದು ಪಾಲು ಮಾತ್ರ. ಕಾಲಿನ ಚಲನೆ, ಏಟು ತಪ್ಪಿಸಿಕೊಳ್ಳುವುದು, ಏಟು ತಿಂದು ನಿಲ್ಲುವುದು, ಎದುರಾಳಿಯ ಲಯ ಹಿಡಿದು ಅದನ್ನು ಮುರಿಯುವುದು, ಎಲ್ಲವೂ ಸೇರಿ ಈ ಪದ.

ಇಂಥ ಪದ ಯಾಕೆ ಬೇಕಾಯಿತು ಅಂದರೆ, ಜನ ಯಾವಾಗಲೂ ನೋಡುತ್ತಿದ್ದುದು ಹೆವಿವೇಟ್, ಅಂದರೆ ಎಲ್ಲಕ್ಕಿಂತ ಭಾರದ ವರ್ಗದ ಚಾಂಪಿಯನ್ ಕಡೆಗೆ. ಅವನು ಯಾರನ್ನು ಬೇಕಾದರೂ ಸೋಲಿಸಬಲ್ಲ, ಹಾಗಾಗಿ ಅವನೇ ದೊಡ್ಡವನು. ಆದರೆ ಹಗುರದವರ ವರ್ಗವಾದ ಫ್ಲೈವೇಟ್‌ನ ಮಿತಿ 112 ಪೌಂಡ್, ಅಂದರೆ 51 ಕೆಜಿಗೂ ಸ್ವಲ್ಪ ಕಡಿಮೆ. ವೆಲ್ಟರ್‌ವೇಟ್ 147. ಮಿಡಲ್‌ವೇಟ್ 160. ಈ ತೂಕದವರು ಎಷ್ಟೇ ಚೆನ್ನಾಗಿ ಆಡಿದರೂ ನೂರು ಕೆಜಿಯ ಒಳ್ಳೆಯ ಬಾಕ್ಸರ್ ಎದುರು ನಿಲ್ಲುವುದು ಆಗದ ಮಾತು. ಹಾಗಂತ ಅವರ ಕಲೆ ಕಡಿಮೆಯದ್ದಾ? ಅಲ್ಲವೇ ಅಲ್ಲ. ಆ ಅನ್ಯಾಯ ಸರಿಪಡಿಸಲು ಹುಟ್ಟಿದ ಮಾತು ಇದು.

ಅಮೆರಿಕದ ಬಾಕ್ಸರ್ ಶುಗರ್ ರೇ ರಾಬಿನ್ಸನ್ ಅವರಿಗಾಗಿಯೇ ಈ ಪದ ಹುಟ್ಟಿತು ಅಂತ ಹೇಳುವವರು ಬಹಳ ಜನ. ಅವರಿಗಿಂತ ಮೊದಲೇ, ಬೆನ್ನಿ ಲೆನರ್ಡ್ ಲೈಟ್‌ವೇಟ್ ಚಾಂಪಿಯನ್ ಆಗಿದ್ದ ಕಾಲದಲ್ಲೇ ಇದು ಬಳಕೆಯಲ್ಲಿತ್ತು. ಆದರೆ ರಾಬಿನ್ಸನ್ ಹೆಸರಿಗೆ ಅಂಟಿಕೊಂಡ ಹಾಗೆ ಇನ್ಯಾರ ಹೆಸರಿಗೂ ಅಂಟಿಕೊಳ್ಳಲಿಲ್ಲ. ಅದಕ್ಕೆ ಕಾರಣ ತಿಳಿಯಬೇಕಾದರೆ ಎರಡು ಪಂದ್ಯಗಳನ್ನು ಹತ್ತಿರದಿಂದ ನೋಡಬೇಕು. ಎರಡರಲ್ಲೂ ರಾಬಿನ್ಸನ್ ಸೋತರು.

ಮೊದಲನೆಯದು 1943ರ ಫೆಬ್ರವರಿ 5, ಡೆಟ್ರಾಯಿಟ್. ಅಲ್ಲಿಯವರೆಗೆ ರಾಬಿನ್ಸನ್ 40 ಪಂದ್ಯ ಆಡಿದ್ದರು, ನಲವತ್ತೂ ಗೆದ್ದಿದ್ದರು. ಎದುರಿಗೆ ಜೇಕ್ ಲಾಮೊಟ್ಟಾ. ರಾಬಿನ್ಸನ್‌ಗಿಂತ ಸುಮಾರು 16 ಪೌಂಡ್, ಅಂದರೆ ಏಳು ಕೆಜಿಗೂ ಜಾಸ್ತಿ ಭಾರದವರು. ಎಂಟನೇ ಸುತ್ತಿನಲ್ಲಿ ಲಾಮೊಟ್ಟಾ ಹೊಡೆದ ಏಟಿಗೆ ರಾಬಿನ್ಸನ್ ಹಗ್ಗಗಳ ನಡುವಿನಿಂದ ರಿಂಗ್ ಆಚೆಗೆ ಬಿದ್ದರು. ರೆಫರಿ ಎಣಿಸುತ್ತಿರುವಾಗ ಸುತ್ತು ಮುಗಿದ ಗಂಟೆ ಬಾರಿಸಿ ಉಳಿಸಿತು. ಹತ್ತು ಸುತ್ತು ಮುಗಿದಾಗ ಗೆದ್ದವರು ಲಾಮೊಟ್ಟಾ. ಇವತ್ತಿನ ಬಾಕ್ಸರ್ ಆಗಿದ್ದರೆ ಮೊದಲ ಸೋಲಿನ ಮೇಲೆ ಏನಿಲ್ಲವೆಂದರೂ ಆರು ತಿಂಗಳು ರಿಂಗ್ ಕಡೆ ಬರುತ್ತಿರಲಿಲ್ಲ. ರಾಬಿನ್ಸನ್ ಎರಡು ವಾರಕ್ಕೆ ಇನ್ನೊಬ್ಬರ ಜೊತೆ ಆಡಿ ಗೆದ್ದರು. ಅದಾಗಿ ಒಂದೇ ವಾರಕ್ಕೆ, ಫೆಬ್ರವರಿ 26ಕ್ಕೆ, ಅದೇ ಊರಲ್ಲಿ ಅದೇ ಲಾಮೊಟ್ಟಾ ಅವರನ್ನು ಸೋಲಿಸಿದರು. ಒಟ್ಟು ಆರು ಸಲ ಇಬ್ಬರೂ ಎದುರಾದರು. ಐದು ಸಲ ರಾಬಿನ್ಸನ್ ಗೆದ್ದರು. ಕೊನೆಯದು 1951ರ ಫೆಬ್ರವರಿ 14ರಂದು ಶಿಕಾಗೋದಲ್ಲಿ. ಹದಿಮೂರನೇ ಸುತ್ತಿನಲ್ಲಿ ರೆಫರಿ ಪಂದ್ಯ ನಿಲ್ಲಿಸಿದರು, ಮಿಡಲ್‌ವೇಟ್ ಪಟ್ಟ ರಾಬಿನ್ಸನ್ ಕೈಗೆ ಬಂತು.

ಎರಡನೆಯದು 1952ರ ಜೂನ್ 25, ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ. ಈಗ ರಾಬಿನ್ಸನ್ ಇನ್ನೂ ಒಂದು ಮೆಟ್ಟಿಲು ಮೇಲೆ ಹೋಗಿ ಲೈಟ್ ಹೆವಿವೇಟ್ ಚಾಂಪಿಯನ್ ಜೋಯಿ ಮ್ಯಾಕ್ಸಿಮ್ ಎದುರು ನಿಂತಿದ್ದರು. ಮತ್ತೆ ಹದಿನೈದು ಪೌಂಡ್ ಹತ್ತಿರದ ವ್ಯತ್ಯಾಸ. ಆ ರಾತ್ರಿಯ ಸೆಕೆ ಎಂಥದ್ದು ಅಂದರೆ ರಿಂಗ್ ಹತ್ತಿರ ನಲವತ್ತು ಡಿಗ್ರಿ ಇತ್ತು. ಹತ್ತನೇ ಸುತ್ತು ಮುಗಿಯುವಷ್ಟರಲ್ಲಿ ರೆಫರಿ ರೂಬಿ ಗೋಲ್ಡ್‌ಸ್ಟೀನ್ ಅವರಿಗೇ ನಿಲ್ಲಲು ಆಗಲಿಲ್ಲ. ಅವರ ಜಾಗಕ್ಕೆ ಬೇರೆ ರೆಫರಿ ಬಂದರು. ರಾಬಿನ್ಸನ್ ಮಾತ್ರ ಅಂಕಗಳಲ್ಲಿ ಆರಾಮಾಗಿ ಮುಂದಿದ್ದರು. ಹದಿಮೂರನೇ ಸುತ್ತಿನಲ್ಲಿ ಅವರು ಬೀಸಿದ ಒಂದು ಹೊಡೆತ ಗಾಳಿಗೆ ಹೋಯಿತು, ಆ ರಭಸಕ್ಕೆ ತಾವೇ ಮುಗ್ಗರಿಸಿ ಮುಖ ಅಡಿಯಾಗಿ ಬಿದ್ದರು. ಸುತ್ತು ಮುಗಿದ ಮೇಲೆ ಮೂಲೆಯ ಸ್ಟೂಲ್‌ನಿಂದ ಏಳಲು ಆಗಲೇ ಇಲ್ಲ. ಸುಮಾರು ಇನ್ನೂರು ಪಂದ್ಯಗಳ ಬದುಕಿನಲ್ಲಿ ಅವರು ನಡುವೆಯೇ ನಿಂತದ್ದು ಇದೊಂದೇ ಸಲ. ಅವರನ್ನು ಕೆಡವಿದ್ದು ಮ್ಯಾಕ್ಸಿಮ್ ಅಲ್ಲ, ಸೆಕೆ.

ಪೌಂಡ್ ಫಾರ್ ಪೌಂಡ್ ಅಂದರೆ ಏನು ಅಂತ ಯಾರಾದರೂ ಕೇಳಿದರೆ ನಾನು ಈ ಸೋಲನ್ನೇ ತೋರಿಸುತ್ತೇನೆ. ‘ತೂಕ ಒಂದೇ ಆಗಿದ್ದರೆ’ ಅನ್ನುವುದು ಊಹೆ. ತೂಕ ಒಂದೇ ಅಲ್ಲದಿದ್ದಾಗಲೂ ಹನ್ನೆರಡು ಸುತ್ತು ದೊಡ್ಡವನನ್ನು ಆಡಿಸಿದ್ದು ಊಹೆಯಲ್ಲ, ಕಣ್ಣೆದುರು ನಡೆದದ್ದು.

ಇನ್ನು ಗೊಂದಲದ ಮೂಲಕ್ಕೆ ಬರೋಣ. ಈ ಪದಕ್ಕೆ ಎರಡು ಬಳಕೆ ಇದೆ. ಒಂದು, ಇವತ್ತಿನ ಪಟ್ಟಿ. ‘ದ ರಿಂಗ್’ ಪತ್ರಿಕೆಯಂಥವು ಈಗ ಆಡುತ್ತಿರುವ ಹತ್ತು ಜನರನ್ನು ಸಾಲಾಗಿ ನಿಲ್ಲಿಸುತ್ತವೆ. ಒಂದು ಸೋಲು ಬಂದರೆ, ವರ್ಷಗಟ್ಟಲೆ ಆಡದೆ ಕೂತರೆ ಹೆಸರು ಕೆಳಗಿಳಿಯುತ್ತದೆ. ಇನ್ನೊಂದು, ಸಾರ್ವಕಾಲಿಕ ಪಟ್ಟಿ. ಅಲ್ಲಿ ಕೇಳುವುದು ಒಬ್ಬ ಬಾಕ್ಸರ್‌ನ ಇಡೀ ಆಟದ ಬದುಕಿನ ಲೆಕ್ಕ. ಇದೇ ಪತ್ರಿಕೆ 2002ರಲ್ಲಿ ಹಿಂದಿನ 80 ವರ್ಷಗಳ ಶ್ರೇಷ್ಠರನ್ನು ಪಟ್ಟಿ ಮಾಡಿತು. ಮೊದಲು ರಾಬಿನ್ಸನ್, ಎರಡನೆಯವರು ಹೆನ್ರಿ ಆರ್ಮ್‌ಸ್ಟ್ರಾಂಗ್, ಮೂರನೆಯವರು ಮುಹಮ್ಮದ್ ಅಲಿ.

ಎರಡೂ ಬೇರೆ ಅನ್ನುವುದಕ್ಕೆ ಮೈಕ್ ಟೈಸನ್ ಅವರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1988ರ ಜೂನ್‌ನಲ್ಲಿ ಅವರು ಅದುವರೆಗೂ ಸೋಲದ ಮೈಕಲ್ ಸ್ಪಿಂಕ್ಸ್ ಅವರನ್ನು 91 ಸೆಕೆಂಡಿನಲ್ಲಿ ಮುಗಿಸಿದರು. ಆ ರಾತ್ರಿ ಭೂಮಿಯ ಮೇಲೆ ಅವರಿಗಿಂತ ಒಳ್ಳೆಯ ಬಾಕ್ಸರ್ ಇದ್ದಾರೆ ಅಂತ ವಾದಿಸುವುದು ಕಷ್ಟವಿತ್ತು. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಹತ್ತನೇ ಸುತ್ತಿನಲ್ಲಿ ಟೈಸನ್ ಅವರನ್ನೇ ಮಲಗಿಸಿದರು. ಮುಂದೆ ಎವಾಂಡರ್ ಹೋಲಿಫೀಲ್ಡ್, ಲೆನಾಕ್ಸ್ ಲೂಯಿಸ್ ಇಬ್ಬರ ಎದುರೂ ಟೈಸನ್ ಸೋತರು. ಶಿಖರ ಎತ್ತರದ್ದೇ, ಆದರೆ ಅಲ್ಲಿ ನಿಂತದ್ದು ಸ್ವಲ್ಪ ಹೊತ್ತು. ಟೈಸನ್ ಅಭಿಮಾನಿಗಳು ಎತ್ತರ ತೋರಿಸುತ್ತಾರೆ, ಉಳಿದವರು ಉದ್ದ ಅಳೆಯುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ.

ಎಷ್ಟು ತೂಕದ ವರ್ಗಗಳಲ್ಲಿ ಪಟ್ಟ ಗೆದ್ದರು ಅನ್ನುವುದೂ ಈ ವಾದದಲ್ಲಿ ದೊಡ್ಡ ಅಸ್ತ್ರ. ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. 1938ರಲ್ಲಿ ಆರ್ಮ್‌ಸ್ಟ್ರಾಂಗ್ ಫೆದರ್‌ವೇಟ್, ಲೈಟ್‌ವೇಟ್, ವೆಲ್ಟರ್‌ವೇಟ್ ಮೂರೂ ಪಟ್ಟಗಳನ್ನು ಒಟ್ಟಿಗೆ ಇಟ್ಟುಕೊಂಡಿದ್ದರು. ಆಗ ಮುಖ್ಯ ವರ್ಗಗಳೇ ಎಂಟು. ಈಗ ಹದಿನೇಳು ವರ್ಗ, ಪ್ರತಿ ವರ್ಗಕ್ಕೂ ನಾಲ್ಕು ಸಂಸ್ಥೆಗಳ ನಾಲ್ಕು ಬೆಲ್ಟ್. ಕೆಲವು ಕಡೆ ಎರಡು ವರ್ಗಗಳ ನಡುವಿನ ಅಂತರ ಮೂರೇ ಪೌಂಡ್. ಬೆಲ್ಟ್ ಎಣಿಸಿ ಆರ್ಮ್‌ಸ್ಟ್ರಾಂಗ್ ಮೂರು, ಈಗಿನವರೊಬ್ಬರು ಐದು, ಹಾಗಾಗಿ ಈಗಿನವರೇ ಮೇಲು ಅನ್ನುವುದು ತಪ್ಪು ಲೆಕ್ಕ. ಹಾಗಂತ ಮ್ಯಾನಿ ಪಕ್ಯಾವೊ ಅವರ ಎಂಟು ವರ್ಗಗಳ ಸಾಧನೆಯನ್ನು ಸುಮ್ನೆ ತಳ್ಳಿಹಾಕಲೂ ಆಗುವುದಿಲ್ಲ. 1998ರಲ್ಲಿ 112 ಪೌಂಡ್‌ನ ಚಾಂಪಿಯನ್ ಆದವರು 2010ರಲ್ಲಿ ಲೈಟ್ ಮಿಡಲ್‌ವೇಟ್ ಪಟ್ಟ ಗೆದ್ದರು. ಫ್ಲೈವೇಟ್‌ನಲ್ಲಿ ಮೊದಲ ಪಟ್ಟ ಗೆದ್ದ ಮೈ ಅಷ್ಟು ಮೇಲೆ ಹೋಗಿಯೂ ವೇಗ ಕಳೆದುಕೊಳ್ಳಲಿಲ್ಲ ಅನ್ನುವುದು ಬೆಲ್ಟ್‌ಗಿಂತ ದೊಡ್ಡ ವಿಷಯ.

ಸೋಲೇ ಇಲ್ಲದ ದಾಖಲೆ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ರಾಕಿ ಮಾರ್ಸಿಯಾನೊ 49 ಗೆದ್ದು ಒಂದೂ ಸೋಲದೆ ನಿಲ್ಲಿಸಿದರು. ಫ್ಲಾಯ್ಡ್ ಮೇವೆದರ್ 50. ಆ ಸೊನ್ನೆಗೆ ಬೆಲೆ ಇದೆ. ಆದರೆ ಆ ಸೊನ್ನೆಯನ್ನು ತೋರಿಸಿ, ಹತ್ತೊಂಬತ್ತು ಸೋಲಿನ ರಾಬಿನ್ಸನ್ ಕೆಳಗೆ ಅನ್ನುವವರು ದಾಖಲೆಯನ್ನು ಬಿಡಿಸಿ ಓದಿಲ್ಲ. ಆ ಹತ್ತೊಂಬತ್ತರಲ್ಲಿ ಹೆಚ್ಚಿನವು 38 ವಯಸ್ಸು ದಾಟಿದ ಮೇಲೆ ಬಂದದ್ದು. ಲಾಮೊಟ್ಟಾ ಎದುರಿನ ಆ ಮೊದಲ ಸೋಲಿನಿಂದ 1951ರ ಜುಲೈನಲ್ಲಿ ಲಂಡನ್‌ನಲ್ಲಿ ರ‍್ಯಾಂಡಿ ಟರ್ಪಿನ್ ಎದುರು ಸೋಲುವ ತನಕ, ಎಂಟು ವರ್ಷಕ್ಕೂ ಜಾಸ್ತಿ ಕಾಲ, ಅವರನ್ನು ಯಾರೂ ಸೋಲಿಸಲಿಲ್ಲ. ಟರ್ಪಿನ್ ಅವರಿಂದಲೂ ಎರಡೇ ತಿಂಗಳಲ್ಲಿ ಪಟ್ಟ ವಾಪಸ್ ಪಡೆದರು. ಸೋತ ಮೇಲೆ ಅದೇ ಮನುಷ್ಯನ ಎದುರು ಮತ್ತೆ ನಿಂತು ಏನು ಮಾಡಿದರು ಅಂತ ನೋಡಲು, ಸೋಲದವರ ದಾಖಲೆಯಲ್ಲಿ ಜಾಗವೇ ಇರುವುದಿಲ್ಲ, ಅಲ್ವಾ?

ಹೆವಿವೇಟ್‌ಗಳ ವಿಷಯದಲ್ಲಿ ಈ ಪದ ಸ್ವಲ್ಪ ತಡವರಿಸುತ್ತದೆ. ಅವರಿಗೆ ಮೇಲೆ ಹೋಗಲು ಇನ್ನೊಂದು ವರ್ಗ ಇಲ್ಲ. ಅಲಿ ಅವರನ್ನು ಮೂರನೆಯವರು ಅಂತ ಒಪ್ಪುವುದು ಅವರು ಎದುರಿಸಿದವರನ್ನು ನೋಡಿ: ಲಿಸ್ಟನ್, ಫ್ರೇಜಿಯರ್, ಫೋರ್ಮನ್. ಒಲೆಕ್ಸಾಂಡರ್ ಉಸಿಕ್ ಅವರದ್ದು ಬೇರೆ ಕಥೆ. ಹೆವಿವೇಟ್‌ಗಿಂತ ಕೆಳಗಿನ ಕ್ರೂಸರ್‌ವೇಟ್ ವರ್ಗದ ಎಲ್ಲ ಬೆಲ್ಟ್ ಗೆದ್ದು ಮೇಲೆ ಬಂದವರು. 2024ರ ಮೇನಲ್ಲಿ ತಮಗಿಂತ ಎತ್ತರದ, ಬಹಳ ಭಾರದ ಟೈಸನ್ ಫ್ಯೂರಿ ಅವರನ್ನು ಒಂಬತ್ತನೇ ಸುತ್ತಿನಲ್ಲಿ ಹಗ್ಗಕ್ಕೆ ಒರಗುವ ಹಾಗೆ ಹೊಡೆದರು, ಕೊನೆಗೆ ಅಂಕಗಳಲ್ಲಿ ಗೆದ್ದರು. ಹೆವಿವೇಟ್ ಒಬ್ಬರಿಗೆ ಪೌಂಡ್ ಫಾರ್ ಪೌಂಡ್ ಅನ್ನುವ ಮಾತು ಪೂರ್ತಿ ಒಪ್ಪುವುದು ಇಂಥ ಕಡೆ.

ಈಚಿನ ವಾದವೆಲ್ಲ ಟೆರೆನ್ಸ್ ಕ್ರಾಫರ್ಡ್ ಸುತ್ತ. 2023ರ ಜುಲೈನಲ್ಲಿ ಎರಲ್ ಸ್ಪೆನ್ಸ್ ಅವರನ್ನು ಮೂರು ಸಲ ಕೆಡವಿ ಒಂಬತ್ತನೇ ಸುತ್ತಿನಲ್ಲಿ ಮುಗಿಸಿದರು. 2025ರ ಸೆಪ್ಟೆಂಬರ್‌ನಲ್ಲಿ, 37ನೇ ವಯಸ್ಸಿನಲ್ಲಿ, ಎರಡು ವರ್ಗ ಮೇಲೆ ಜಿಗಿದು 168 ಪೌಂಡ್‌ನಲ್ಲಿ ಕನೆಲೊ ಆಲ್ವರೆಜ್ ಅವರನ್ನು ಅಂಕಗಳಲ್ಲಿ ಸೋಲಿಸಿದರು. ನಾಲ್ಕು ಬೆಲ್ಟ್‌ಗಳ ಕಾಲದಲ್ಲಿ ಮೂರು ವರ್ಗಗಳಲ್ಲಿ ನಾಲ್ಕೂ ಬೆಲ್ಟ್ ಗೆದ್ದ ಮೊದಲ ಪುರುಷ ಬಾಕ್ಸರ್ ಅವರು. ಹಾಗಾದರೆ ಸಾರ್ವಕಾಲಿಕ ಪಟ್ಟಿಯಲ್ಲಿ ಎಲ್ಲಿ? ನನ್ನ ಪ್ರಕಾರ ಆ ಎರಡು ರಾತ್ರಿಗಳ ಆಟ ಯಾವ ಕಾಲದ ಯಾರ ಪಕ್ಕದಲ್ಲಿಟ್ಟರೂ ಮಂಕಾಗುವುದಿಲ್ಲ. ಆದರೆ ಅಂಥ ರಾತ್ರಿಗಳು ಅವರ ದಾಖಲೆಯಲ್ಲಿ ಕಡಿಮೆ, ಬಂದದ್ದೂ ತಡವಾಗಿ. ಮೊದಲ ಹತ್ತರೊಳಗೆ ಇಡಲು ನನಗೆ ಮನಸ್ಸು ಬರುವುದಿಲ್ಲ. ಅದಕ್ಕೆ ಅವರೊಬ್ಬರನ್ನೇ ದೂರುವಂತಿಲ್ಲ. ಈಗಿನ ದೊಡ್ಡ ಬಾಕ್ಸರ್‌ಗಳು ವರ್ಷಕ್ಕೆ ಒಂದೋ ಎರಡೋ ಪಂದ್ಯ ಆಡುತ್ತಾರೆ.

ಹಳಬರ ಕಡೆ ವಾಲುತ್ತಿದ್ದೀನಿ ಅಂತ ಅನಿಸಬಹುದು. ಹೌದು, ವಾಲುತ್ತೇನೆ. ನನ್ನ ಪಟ್ಟಿಯಲ್ಲಿ ರಾಬಿನ್ಸನ್, ಆರ್ಮ್‌ಸ್ಟ್ರಾಂಗ್ ಆದ ಮೇಲೆ ಮೂರನೇ ಹೆಸರು 1920ರ ದಶಕದ ಮಿಡಲ್‌ವೇಟ್ ಚಾಂಪಿಯನ್ ಹ್ಯಾರಿ ಗ್ರೆಬ್. ಅವರ ಒಂದೇ ಒಂದು ಪಂದ್ಯದ ಫಿಲ್ಮ್ ಕೂಡ ಸಿಕ್ಕಿಲ್ಲ. ಉಳಿದಿರುವುದು ತಾಲೀಮಿನ ಒಂದಷ್ಟು ದೃಶ್ಯ ಮಾತ್ರ. ನೋಡದೇ ಹೇಗೆ ನಂಬುವುದು ಅಂತ ಕೇಳಿದರೆ ನನ್ನ ಹತ್ತಿರ ಇರುವ ಉತ್ತರ ಜೀನ್ ಟನಿ. 1922ರ ಮೇ 23ರಂದು ಗ್ರೆಬ್ ತಮಗಿಂತ ಹನ್ನೆರಡು ಪೌಂಡ್‌ನಷ್ಟು ಭಾರದ ಟನಿ ಅವರ ಮೂಗನ್ನು ಮೊದಲ ಸುತ್ತಿನಲ್ಲೇ ಮುರಿದರು, ಹದಿನೈದು ಸುತ್ತು ಬಿಡದೆ ಹೊಡೆದು ಗೆದ್ದರು. ಟನಿ ಇಡೀ ಬದುಕಿನಲ್ಲಿ ಸೋತದ್ದು ಅದೊಂದೇ. ಆಮೇಲೆ ನಾಲ್ಕು ಸಲ ಎದುರಾದರೂ ಟನಿ ಸೋಲಲಿಲ್ಲ. 1926ರ ಸೆಪ್ಟೆಂಬರ್‌ನಲ್ಲಿ ಜಾಕ್ ಡೆಂಪ್ಸಿ ಅವರನ್ನು ಸೋಲಿಸಿ ಹೆವಿವೇಟ್ ಚಾಂಪಿಯನ್ ಆದರು. ಮುಂದಿನ ತಿಂಗಳೇ ಗ್ರೆಬ್ ತೀರಿಕೊಂಡರು. ಅವರ ಶವಪೆಟ್ಟಿಗೆ ಹೊತ್ತವರಲ್ಲಿ ಜಗತ್ತಿನ ಹೊಸ ಹೆವಿವೇಟ್ ಚಾಂಪಿಯನ್ ಕೂಡ ಒಬ್ಬರು.