ಮಾಸ್ಟ್ ಬುಡದಲ್ಲಿ ಡೆಕ್ ಕುಸಿದಿದೆ, ಒಳಗಿನ ಕಂಬ ಬದಲಾಯಿಸಿದ್ರೆ ಸಾಕಾ?

ಪ್ರಶ್ನೆ: ನಮ್ದು ಹಳೇ ಫೈಬರ್‌ಗ್ಲಾಸ್ ಹಾಯಿದೋಣಿ, ಮಾಸ್ಟ್ (ಹಾಯಿ ಕಟ್ಟೋ ಎತ್ತರದ ಕಂಬ) ಡೆಕ್ (ದೋಣಿಯ ಮೇಲ್ಹಾಸು) ಮೇಲೆ ನಿಂತಿದೆ. ಅದರ ಬುಡದಲ್ಲಿ ಡೆಕ್ ತಗ್ಗಾಗಿದೆ, ಮಾಸ್ಟನ್ನ ಎರಡೂ ಪಕ್ಕದಿಂದ ಎಳೆದು ಹಿಡಿಯೋ ಶ್ರೌಡ್ ವೈರುಗಳನ್ನ ಎಷ್ಟು ಬಿಗಿ ಮಾಡಿದ್ರೂ ಮತ್ತೆ ಸಡಿಲ ಆಗ್ತವೆ. ಮಾಸ್ಟ್ ಕೆಳಗೆ ಡೆಕ್ಕನ್ನ ಹೊತ್ತಿರೋ ಕ್ಯಾಬಿನ್ ಒಳಗಿನ ಕಂಬ ಹೊಸದು ಹಾಕಿದ್ರೆ ಸರಿಹೋಗುತ್ತಾ?

ಉತ್ತರ: ಮೊದ್ಲು ವೈರು ಬಿಗಿ ಮಾಡೋದನ್ನ ನಿಲ್ಸಿ ದಯವಿಟ್ಟು. ಮಾಸ್ಟನ್ನ ಕೆಳಕ್ಕೆ ಒತ್ತೋದು ಅದರ ತೂಕ ಮಾತ್ರ ಅಲ್ಲ, ಸುತ್ತ ಇರೋ ವೈರುಗಳ ಎಳೆತ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ, ನೀವು ಟರ್ನ್‌ಬಕಲ್ (ವೈರು ಬಿಗಿ ಮಾಡೋ ತಿರುಪು) ತಿರುಗಿಸಿದಷ್ಟೂ ಡೆಕ್ ಇನ್ನೂ ಕುಸಿಯುತ್ತೆ.

ಕಂಬ ಒಂದನ್ನೇ ನೋಡ್ಬೇಡಿ. ಭಾರ ಮಾಸ್ಟಿಂದ ಡೆಕ್‌ಗೆ, ಡೆಕ್ಕಿಂದ ಕಂಬಕ್ಕೆ, ಕಂಬದಿಂದ ದೋಣಿ ತಳಕ್ಕೆ ಇಳಿಯುತ್ತೆ, ಇದರಲ್ಲಿ ಯಾವ್ದು ಸೋತ್ರೂ ಮೇಲೆ ಕಾಣೋದು ಅದೇ ತಗ್ಗು. ಹೆಚ್ಚಾಗಿ ಕಂಬ ಗಟ್ಟಿಯಾಗೇ ಇರುತ್ತೆ, ಹಾಳಾಗಿರೋದು ಅದರ ಎರಡು ತುದಿ. ಮೇಲೆ ಬೋಲ್ಟ್ ತೂತು, ವೈರಿಂಗ್ ತೂತಿಂದ ನೀರಿಳಿದು ಡೆಕ್‌ನ ಎರಡು ಫೈಬರ್ ಪದರಗಳ ನಡುವಿನ ಪ್ಲೈವುಡ್ಡೋ ಬಾಲ್ಸಾ ಅನ್ನೋ ಹಗುರ ಮರಾನೋ ಕೊಳೆತಿರುತ್ತೆ. ಪ್ಲಾಸ್ಟಿಕ್ ಸುತ್ತಿಗೆಲಿ ತಟ್ಟುತ್ತಾ ಬನ್ನಿ, ಟಣ್ ಅನ್ನೋ ಬದ್ಲು ಮಂಕಾಗಿ ದಬ್ ಅಂದ್ರೆ ಅಲ್ಲಿ ಅನುಮಾನ ಪಡಿ. ಕೆಳಗೆ, ಕಂಬದ ಪಾದದ ಅಡಿಯ ಮರದ ತುಂಡು ವರ್ಷಗಟ್ಟಲೆ ಬಿಲ್ಜ್ ನೀರಲ್ಲಿ (ದೋಣಿ ತಳದಲ್ಲಿ ನಿಲ್ಲೋ ನೀರು) ನೆಂದಿರುತ್ತೆ, ನೆಲದ ಹಲಗೆ ತೆಗೆದು ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ ನೋಡಿ, ಈ ಜಾಗ ನೋಡದೆ ಮೇಲಷ್ಟೇ ರಿಪೇರಿ ಮಾಡಿದ್ರೆ ದುಡ್ಡೂ ಶ್ರಮನೂ ದಂಡ.

ರಿಪೇರಿಗೆ ಮಾಸ್ಟ್ ಇಳಿಸೋದೇ ಒಳ್ಳೇದು. ವೈರು ಬಿಗಿ ಇರುವಾಗ ಒಳಗಿಂದ ಜ್ಯಾಕ್ ಕೊಟ್ಟು ಡೆಕ್ ಎತ್ತೋಕೆ ಮಾತ್ರ ಹೋಗ್ಬೇಡಿ. ಮಾಸ್ಟ್ ಇಳಿದ ಮೇಲೆ ಮೇಲಿನ ಫೈಬರ್ ಪದರ ಕೊಯ್ದು, ಕೊಳೆತ ಮರವನ್ನ ಒಣ ಗಟ್ಟಿ ಮರ ಸಿಗೋವರೆಗೂ ಕೆರೆದು ತೆಗೀರಿ. ತೂತು ಕೊರೆದು ಎಪಾಕ್ಸಿ (ಒಣಗಿ ಗಟ್ಟಿಯಾಗೋ ಅಂಟು) ಸುರಿಯೋ ಶಾರ್ಟ್‌ಕಟ್ ಇಲ್ಲಿ ನನಗೆ ಒಪ್ಪಿಗೆ ಇಲ್ಲ, ನೆಂದ ಕೊಳೆತ ಮರದೊಳಗೆ ಅದು ಸರಿಯಾಗಿ ಹೋಗಲ್ಲ, ಇಷ್ಟು ಭಾರ ಹೊರೋ ಜಾಗದಲ್ಲಿ ನಂಬೋಕಾಗಲ್ಲ. ಮಾಸ್ಟ್ ಬುಡಕ್ಕೆ ಮತ್ತೆ ಬಾಲ್ಸಾನೂ ಬೇಡ, ಜಿ10 ಫೈಬರ್‌ಗ್ಲಾಸ್ ಪ್ಲೇಟೋ ಎಪಾಕ್ಸಿಲಿ ಒಂದರ ಮೇಲೊಂದು ಹಾಕಿದ ಗ್ಲಾಸ್ ಬಟ್ಟೆಯೋ ತುಂಬಿಸಿ, ನೀರು ಹೊಕ್ಕರೂ ಕೊಳೆಯೋಕೆ ಅಲ್ಲಿ ಮರಾನೇ ಇರಲ್ಲ. ಕಂಬದ ಪಾದದ ಅಡಿಗೂ ಅದೇ, ಆದ್ರೆ ಪಕ್ಕದಲ್ಲಿ ನೀರು ಹರಿದುಹೋಗೋ ದಾರಿ ಮುಚ್ಚಬೇಡಿ. ಕಂಬದ ಅಳತೆಯನ್ನ ಡೆಕ್ ಮೊದಲಿನ ಆಕಾರಕ್ಕೆ ಬಂದ ಮೇಲೆ ತಗೊಳ್ಳಿ, ಕುಸಿದಾಗಿನ ಅಳತೆಗೆ ಕೊಯ್ದ್ರೆ ಗಿಡ್ಡ ಆಗುತ್ತೆ.

ಬೋಲ್ಟ್ ತೂತುಗಳನ್ನ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದರೊಳಗೇ ಮತ್ತೆ ಕೊರೀರಿ. ಮಾಸ್ಟ್ ನಿಲ್ಲಿಸಿ ವೈರುಗಳನ್ನ ಎರಡೂ ಕಡೆ ಸಮವಾಗಿ, ಸ್ವಲ್ಪ ಸ್ವಲ್ಪವೇ ಬಿಗೀರಿ, ನಾಲ್ಕಾರು ಸಲ ಹಾಯಿ ಬಿಚ್ಚಿ ಓಡಾಡಿದ ಮೇಲೆ ಮತ್ತೊಮ್ಮೆ ಚೆಕ್ ಮಾಡಿ. ಆಗ ಕ್ಯಾಬಿನ್ ಬಾಗಿಲು ತೆಗೆಯೋಕೆ ಹಾಕೋಕೆ ಬಿಗಿ ಹಿಡೀತಿದ್ರೆ ಡೆಕ್ ಇನ್ನೂ ಕೆಳಗಿಳೀತಿದೆ ಅಂತ ಅನುಮಾನ ಪಟ್ಟು ಕಂಬದ ಪಾದನ ಇನ್ನೊಂದ್ಸಲ ನೋಡಿ.